ಶಾಲೆ ಬಿಟ್ಟ ಮೇಲೆ ವಿಮೆಯ ಉಮೇದವಾರಿ

(ಸಂಸ್ಥೆಯ ವಾರ್ಷಿಕೋತ್ಸವದ ದಿನ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿವರ್ಷವೂ ಪರೀಕ್ಷೆಯ ಕಾಲ ಸಮೀಪಿಸಿದೊಡನೆ ಪೋಷಕರು ನನ್ನ ಕೊಠಡಿಗೆ ಬಂದು ಕೇಳುವ ಪ್ರಶ್ನೆ ಒಂದೇ: “ಮಾಸ್ತರ್ರೇ, ಕನ್ನಡದಾಗ ಓದಿದ ಹುಡುಗಗ ಇಲ್ಲಿ ಏನ್ ನೌಕರಿ ಸಿಗ್ತದ್ರಿ?” ಬಹುಕಾಲ ನಾನು ಸಮಾಧಾನದ ನಾಲ್ಕು ಮಾತುಗಳನ್ನಾಡಿ ಅವರನ್ನು ಕಳುಹಿಸುತ್ತಿದ್ದೆನು. ಅದು ಉತ್ತರವಲ್ಲವೆಂಬುದು ಅವರಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಆದುದರಿಂದ ಈ ದಿನ ಒಂದೇ ಒಂದು ಉದ್ಯೋಗವನ್ನು ಆರಿಸಿಕೊಂಡು, ಅದನ್ನು ಕಲಿಯುವ ಬಗೆಯನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಅದು ವಿಮೆಯ ಉದ್ಯೋಗ; ನಮ್ಮ ಹಳ್ಳಿಗಳ ಮಾತಿನಲ್ಲಿ ‘ಬೀಮಾ’.

ಇದು ನಮ್ಮ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿಯೇ ಸರ್ಕಾರಿ ನೌಕರರಿಗಾಗಿ ಜೀವವಿಮೆ ಆರಂಭವಾಯಿತು. ನಿಜಾಮರ ಹೈದರಾಬಾದಿನಲ್ಲಿ 1907ರಲ್ಲಿ ನೌಕರರ ಕುಟುಂಬ ಪಿಂಚಣಿ ನಿಧಿಯೊಂದು ಏರ್ಪಟ್ಟು, 1913ರಲ್ಲಿ ಸಂಸ್ಥಾನದ ಜೀವವಿಮಾ ನಿಧಿಯಾಗಿ ಮಾರ್ಪಟ್ಟಿತು. 1956ರ ಸೆಪ್ಟೆಂಬರ್ 1ರಂದು ದೇಶದ 245 ವಿಮಾ ಸಂಸ್ಥೆಗಳು ಒಂದುಗೂಡಿ ಭಾರತೀಯ ಜೀವವಿಮಾ ನಿಗಮವಾಯಿತು. ಅದಾದ ಎರಡೇ ತಿಂಗಳಿಗೆ, ನವೆಂಬರ್ 1ರಂದು, ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದ್ ಮತ್ತು ನಾರಾಯಣಖೇಡಗಳೂ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡವಾಗಿಯೇ ಉಳಿಯಿತು. ಕಚೇರಿಯ ಕಾಗದ ತೆಲುಗಾಯಿತು. ನಾನು ಹೇಳಬೇಕಾದುದೆಲ್ಲ ಈ ಎರಡರ ನಡುವಿನ ಸಂದಿನಲ್ಲಿಯೇ ಇದೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ತೀರಿಕೊಂಡರು. ತೊಗರಿಯ ಹೊಲ ಮಾಡಿಕೊಂಡಿದ್ದ ಕಷ್ಟಜೀವಿ. ತಾಯಿಯು ಪ್ಲಾಸ್ಟಿಕ್ ಚೀಲವೊಂದರಲ್ಲಿ ಕಾಗದಗಳನ್ನು ತುಂಬಿಕೊಂಡು ನನ್ನ ಬಳಿಗೆ ಬಂದರು. ಅದರಲ್ಲಿ ಜೀವವಿಮೆಯ ಪತ್ರವೊಂದಿತ್ತು. ಎರಡು ವರ್ಷ ಕಂತು ಕಟ್ಟಿದ ರಸೀದಿಗಳಿದ್ದವು. ಮೂರನೆಯ ವರ್ಷದಿಂದ ರಸೀದಿ ಇಲ್ಲ. “ಆ ಏಜೆಂಟ್ ಬರೋದೇ ಬಿಟ್ಟ್ರಿ ಮಾಸ್ತರ್ರೇ, ಎಲ್ಲಿ ಕಟ್ಟಬೇಕಂತ ನಮಗ ಗೊತ್ತಾಗಲಿಲ್ಲ” ಎಂದರು ಆ ತಾಯಿ. ವಾರ್ಷಿಕ ಕಂತಿನ ದಿನ ಕಳೆದರೂ 30 ದಿನಗಳ ವಾಯಿದೆ ಇರುತ್ತದೆ. ಅದೂ ಮೀರಿ ಪಾಲಿಸಿ ನಿಂತುಹೋದರೆ, ಗೊತ್ತಾದ ಅವಧಿಯೊಳಗೆ ಬಡ್ಡಿಯೊಡನೆ ಬಾಕಿ ಕಟ್ಟಿ ಮತ್ತೆ ಜೀವಂತಗೊಳಿಸಬಹುದು. ಈ ಎರಡು ಮಾತುಗಳನ್ನು ಆ ಮನೆಯವರಿಗೆ ಅವರ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ಪಕ್ಕದ ಓಣಿಯಲ್ಲಿಯೇ ಇದ್ದ ನಾನೂ ಹೇಳಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ರೈತರಿಗಾಗಿ 2018ರ ಆಗಸ್ಟ್ 14ರಂದು ಆರಂಭವಾದ ‘ರೈತು ಬೀಮಾ’ ಯೋಜನೆಯನ್ನು ತಾವೆಲ್ಲ ಬಲ್ಲಿರಿ. 18ರಿಂದ 59 ವರ್ಷದ ಪಟ್ಟೇದಾರ ರೈತನು ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಕಂತು ಕಟ್ಟುವುದು ಸರ್ಕಾರ. ಆದರೆ ಆ ಗೃಹಸ್ಥರ ಹೆಸರು ಒಂದು ಕಾಗದದಲ್ಲಿ ‘ಅಪ್ಪ’ ಎಂದು ಮುಗಿದಿದ್ದರೆ ಮತ್ತೊಂದರಲ್ಲಿ ‘ಅಯ್ಯ’ ಎಂದು ಮುಗಿದಿತ್ತು. ಕನ್ನಡದ ಅಪ್ಪ ತೆಲುಗಿನ ಲೇಖನಿಯಲ್ಲಿ ಅಯ್ಯ ಆಗುವುದು ನಮ್ಮ ಗಡಿಯಲ್ಲಿ ನಗುವ ಸಂಗತಿ; ಆ ದಿನ ನಗು ಬರಲಿಲ್ಲ. ಇಬ್ಬರೂ ಒಬ್ಬರೇ ಎಂದು ಸಾಧಿಸಲು ನಾವು ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ಹುಡುಕಿ ತೆಗೆಯಬೇಕಾಯಿತು. ಹಣ ಬಂದಿತು, ಬಹಳ ಓಡಾಟದ ಮೇಲೆ.

ಆ ಓಡಾಟದಲ್ಲಿ ನಮ್ಮ ಜೊತೆಗಿದ್ದವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಲೆಕ್ಕದಲ್ಲಿ ಸಾಧಾರಣ, ಆದರೆ ಅಕ್ಷರ ಮುತ್ತಿನಂತೆ. ಹತ್ತನೆಯ ತರಗತಿಯ ಮೇಲೆ ಕಾಲೇಜಿಗೆ ಹೋಗುತ್ತಲೇ ಹಿರಿಯ ವಿಮಾ ಪ್ರತಿನಿಧಿಯೊಬ್ಬರ ಹಿಂದೆ ಚೀಲ ಹೊತ್ತು ತಿರುಗಿದವನು. ಇಂತಹ ಕಲಿಕೆಗೆ ನಮ್ಮ ಹಿರಿಯರು ‘ಉಮೇದವಾರಿ’ ಎನ್ನುತ್ತಿದ್ದರು. ಅವನು ಮೊದಲ ವರ್ಷ ಮಾಡಿದ್ದು ಮೂರೇ ಕೆಲಸ: ಕಂತಿನ ದಿನಗಳನ್ನು ಬರೆದಿಡುವುದು, ಮನೆಮನೆಗೆ ಹೋಗಿ ನೆನಪಿಸುವುದು, ಅರ್ಜಿಯಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳುವುದು. ಅರ್ಜಿಯ ಭಾಷೆ ಬಾರದವನು ಸಹಿ ಮಾಡಿದಾಗ, ಒಳಗಿರುವುದನ್ನು ಆತನ ಭಾಷೆಯಲ್ಲಿ ವಿವರಿಸಿದೆನೆಂದು ವಿವರಿಸಿದವನೂ ಸಹಿ ಮಾಡಬೇಕು. ಈ ಕಾಲಮ್ಮನ್ನು ಕಣ್ಣುಮುಚ್ಚಿ ತುಂಬುವವರೇ ಹೆಚ್ಚು. ಅದನ್ನು ಸತ್ಯವಾಗಿ ತುಂಬಲು ಕನ್ನಡ, ತೆಲುಗು, ಅಷ್ಟಿಷ್ಟು ಉರ್ದು ಮೂರೂ ಬರಬೇಕು. ನಮ್ಮ ಮಕ್ಕಳಿಗೆ ಅದು ಬೀದಿಯಲ್ಲಿ ಆಡುತ್ತಲೇ ಬಂದ ವಿದ್ಯೆ. ಪೋಷಕರ ಪ್ರಶ್ನೆಗೆ ನನಗೆ ದೊರೆತ ಮೊದಲ ನಿಜವಾದ ಉತ್ತರ ಇದು.

ಈಗ ದಾರಿಗಳನ್ನು ಹೇಳುತ್ತೇನೆ. 18 ವರ್ಷ ತುಂಬಿ ಹತ್ತನೆಯ ತರಗತಿ ಉತ್ತೀರ್ಣರಾದವರು ಗೊತ್ತಾದ ತರಬೇತಿ ಪಡೆದು ಪರೀಕ್ಷೆ ಬರೆದು ವಿಮಾ ಪ್ರತಿನಿಧಿಗಳಾಗಬಹುದು. ಹೆಣ್ಣುಮಕ್ಕಳಿಗೆ 2024ರ ಡಿಸೆಂಬರ್ 9ರಂದು ಜೀವವಿಮಾ ನಿಗಮದ ‘ಬೀಮಾ ಸಖಿ’ ಯೋಜನೆ ಆರಂಭವಾಯಿತು. ಇದರಲ್ಲಿ ಮೂರು ವರ್ಷ ಕಲಿಕೆಯ ಕಾಲಕ್ಕೆ ತಿಂಗಳಿಗೆ ಕ್ರಮವಾಗಿ 7,000, 6,000, 5,000 ರೂಪಾಯಿ ಭತ್ಯೆ ಗೊತ್ತುಮಾಡಿದ್ದಾರೆ. ಇದರ ಒಂದು ನಿಬಂಧನೆ ನನಗೆ ಬಹಳ ಹಿಡಿಸಿತು: ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ನೂರಕ್ಕೆ 65ರಷ್ಟಾದರೂ ನಡೆಯುತ್ತಿದ್ದರೆ ಮಾತ್ರ ಎರಡನೆಯ ವರ್ಷದ ಭತ್ಯೆ. ಆ ತಾಯಿಯ ಮನೆಗೆ ಬರುವುದನ್ನು ಬಿಟ್ಟಂತಹವನಿಗೆ ಇಲ್ಲಿ ದುಡ್ಡಿಲ್ಲ.

ಪದವಿಯವರೆಗೆ ಓದುವವರಿಗೆ ಬೇರೆ ಬಾಗಿಲುಗಳಿವೆ. 1961ರ ಅಪ್ರೆಂಟಿಸ್ ಕಾಯಿದೆಯು 2014ರಲ್ಲಿ ತಿದ್ದುಪಡಿಯಾದ ಮೇಲೆ ಕಲಾ, ವಾಣಿಜ್ಯ ಪದವೀಧರರೂ ಕಂಪನಿಗಳಲ್ಲಿ ಭತ್ಯೆ ಪಡೆದು ಕೆಲಸ ಕಲಿಯಬಹುದು. ಅವಧಿ ಮುಗಿದ ಮೇಲೆ ನೌಕರಿ ಸಿಕ್ಕಿಯೇ ಸಿಗುವುದೆಂದು ಮಾತ್ರ ನಂಬಬೇಡಿರಿ. ಜೀವವಿಮಾ ನಿಗಮವು 2023ರಲ್ಲಿ 9,394 ಅಪ್ರೆಂಟಿಸ್ ಡೆವಲಪ್‌ಮೆಂಟ್ ಆಫೀಸರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ನಾವು ಸೇರಿದ ವಲಯದ ಕಚೇರಿ ಹೈದರಾಬಾದಿನಲ್ಲಿದೆ. ಕರ್ನಾಟಕವೂ ಅದೇ ವಲಯಕ್ಕೆ ಸೇರಿದೆ. ಗಣಿತದಲ್ಲಿ ನಿಜವಾಗಿ ಗಟ್ಟಿಗರಾದ ಒಬ್ಬಿಬ್ಬರಿಗೆ ಗುಟ್ಟಾಗಿ ಹೇಳುವ ಮಾತೊಂದಿದೆ: ಜನನ ಮರಣಗಳ ಲೆಕ್ಕ ಹಿಡಿದು ಕಂತಿನ ಮೊತ್ತ ನಿರ್ಧರಿಸುವ ‘ಆಕ್ಚುಯರಿ’ ಎಂಬ ವೃತ್ತಿಯಿದೆ. ಹನ್ನೆರಡನೆಯ ತರಗತಿಯ ಮೇಲೆಯೇ ಅದರ ಪ್ರವೇಶ ಪರೀಕ್ಷೆ ಬರೆಯಬಹುದು. ದಾರಿ ದೀರ್ಘ, ಇಂಗ್ಲಿಷ್ ಬೇಕು.

ಪೋಷಕರಿಗೆ ಎರಡು ಎಚ್ಚರಿಕೆ. ನೌಕರಿ ಕೊಡಿಸುತ್ತೇವೆಂದು ಮೊದಲೇ ಠೇವಣಿ ಕೇಳುವವರಿಗೆ ಒಂದು ಕಾಸನ್ನೂ ಕೊಡಬೇಡಿರಿ. ಇನ್ನು, ಮಗನು ಪ್ರತಿನಿಧಿಯಾದೊಡನೆ ಸೋದರಮಾವ, ಚಿಕ್ಕಪ್ಪ ಎಲ್ಲರ ಕೈಯಲ್ಲೂ ಒಂದೊಂದು ಪಾಲಿಸಿ ಮಾಡಿಸಿ ಆರು ತಿಂಗಳು ಮೆರೆಯುವುದುಂಟು. ನಂಟರು ಮುಗಿದ ದಿನ ಉದ್ಯೋಗವೂ ಮುಗಿಯುತ್ತದೆ. ನನ್ನ ಕಮಿಷನ್ನಿನಲ್ಲಿ ನಿಮಗೆ ಪಾಲು ಕೊಡುತ್ತೇನೆಂದು ಆಸೆ ತೋರಿಸುವುದಂತೂ ಕಾನೂನಿಗೇ ವಿರುದ್ಧ.

ಹತ್ತನೆಯ ತರಗತಿಯ ಮಕ್ಕಳ ಹೆಸರಿನ ಪಟ್ಟಿಯನ್ನು ಮಂಡಳಿಗೆ ಕಳುಹಿಸುವ ಕಾಲ ಬಂದಿದೆ. ಬರುವ ಶನಿವಾರ ಮಧ್ಯಾಹ್ನ ನಾನು ಶಾಲೆಯಲ್ಲಿಯೇ ಇರುತ್ತೇನೆ. ಮಗುವಿನ ಆಧಾರ್, ತಂದೆತಾಯಿಗಳ ಆಧಾರ್, ಹೊಲದ ಪಾಸ್‌ಪುಸ್ತಕ, ಮನೆಯಲ್ಲಿರುವ ವಿಮೆಯ ಪತ್ರಗಳು, ಎಲ್ಲವನ್ನೂ ತನ್ನಿರಿ. ಅಪ್ಪನು ಎಲ್ಲೆಲ್ಲಿ ಅಯ್ಯನಾಗಿದ್ದಾನೆಂಬುದನ್ನು ಕುಳಿತು ನೋಡೋಣ. ನಾನು ಹೇಳಿದ ಆ ಹಳೆಯ ವಿದ್ಯಾರ್ಥಿಯೂ ಬರುತ್ತೇನೆಂದು ಒಪ್ಪಿಕೊಂಡಿದ್ದಾನೆ.