ಕೊಂಡಿ ಮಂಚಣ್ಣನಿಗೆ ಕಿವಿ ಕೊಟ್ಟವರು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಮರೆಯಲಾಗದ ಖಳನಾಯಕ ಯಾರು ಎಂದು ಕೇಳಿದರೆ ನನ್ನ ವಯಸ್ಸಿನವರಿಗೆ ತಟ್ಟನೆ ನೆನಪಾಗುವುದು ವಜ್ರಮುನಿಯವರ ಕಣ್ಣು. 1969ರ 'ಮಲ್ಲಮ್ಮನ ಪವಾಡ'ದಿಂದ ಬೆಳ್ಳಿತೆರೆಗೆ ಬಂದವರು ಅವರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಸಾಹುಕಾರ ಸಿದ್ದಪ್ಪನನ್ನು ನೋಡಿ ಬೈಯದವರು ಯಾರಿದ್ದರು? ಆ ಕಥೆ ನಮ್ಮ ಕಡೆಯ ಕಂಪನಿ ನಾಟಕದಿಂದಲೇ ಹೋದದ್ದು, ಪಿ. ಬಿ. ಧುತ್ತರಗಿಯವರು ಬರೆದದ್ದು. ಆ ಖಳ ಬರುವ ಮೊದಲೇ ವಾದ್ಯದವರು ಸೂಚನೆ ಕೊಡುತ್ತಾರೆ. ಮೀಸೆ ಹೇಳುತ್ತದೆ, ನಗು ಹೇಳುತ್ತದೆ, ಕೈಯಲ್ಲಿನ ಚಾಟಿ ಹೇಳುತ್ತದೆ. ಮಡಿಲಲ್ಲಿ ಕೂತ ಮಗುವಿಗೂ ಗೊತ್ತಾಗುತ್ತದೆ, ಇವನು ಕೆಟ್ಟವನು ಎಂದು. ಇಂಥ ಖಳನಿಂದ ಯಾರೂ ಮೋಸ ಹೋಗುವುದಿಲ್ಲ. ನಮ್ಮ ಓಣಿಗೆ ಬರುವ ಖಳನಿಗೆ ವಾದ್ಯದವರಿರುವುದಿಲ್ಲ, ತೊಂದರೆ ಇರುವುದು ಅಲ್ಲಿ.

ನಮ್ಮ ಹಳೆಯ ಕವಿಗಳು ಖಳನನ್ನು ಬರೀ ಖಳನಾಗಿ ಬಿಡಲು ಒಪ್ಪಿದವರಲ್ಲ. ಹತ್ತನೆಯ ಶತಮಾನದ ರನ್ನ ತನ್ನ ಕಾವ್ಯಕ್ಕೆ 'ಸಾಹಸಭೀಮ ವಿಜಯ' ಎಂದು ಹೆಸರಿಟ್ಟ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಅವನ ಶೌರ್ಯವನ್ನು ಮನಸಾರೆ ಹೊಗಳುವ ದುರ್ಯೋಧನ. ನಾಗಚಂದ್ರನ ರಾವಣನೂ ಅಷ್ಟೆ, ಕೊನೆಗೆ ಪಶ್ಚಾತ್ತಾಪದಲ್ಲಿ ಬೇಯುತ್ತಾನೆ. ಇವರಿಬ್ಬರೂ ಎದುರಿಗೆ ನಿಂತು ಹೋರಾಡಿದವರು. ಅದಕ್ಕೇ ಕವಿಗೆ ಅವರ ಮೇಲೆ ಮರುಕ ಬಂತು. ಮಂಥರೆಗೆ, ಶಕುನಿಗೆ ಆ ಮರುಕ ಅಷ್ಟು ಸುಲಭವಾಗಿ ಸಿಗಲಿಲ್ಲ. ಅವರ ಕೆಲಸ ನಡೆದದ್ದು ಕಿವಿಯ ಹತ್ತಿರ. ನಾನು ಇವತ್ತು ಮಾತಾಡುವುದು ಆ ಜಾತಿಯ ಖಳರ ಬಗ್ಗೆ.

ಆ ಸಾಲಿನಲ್ಲಿ ಲೋಕಪ್ರಸಿದ್ಧನಾದವನು ಶೇಕ್ಸ್‌ಪಿಯರ್‌ನ ಇಯಾಗೊ. 'ಒಥೆಲೊ' ನಾಟಕವನ್ನು ನಮ್ಮ ಬಸವಪ್ಪ ಶಾಸ್ತ್ರಿಗಳು, ಮೈಸೂರಿನ ಆಸ್ಥಾನ ಕವಿಗಳು, ಹತ್ತೊಂಬತ್ತನೆಯ ಶತಮಾನದಲ್ಲೇ 'ಶೂರಸೇನ ಚರಿತೆ' ಎಂದು ಕನ್ನಡಕ್ಕೆ ತಂದರು. ಕಥೆ ನಿಮಗೆ ಗೊತ್ತಿರಬಹುದು. ಒಥೆಲೊ ದೊಡ್ಡ ಸೇನಾಪತಿ, ಕಪ್ಪು ಬಣ್ಣದವನು. ಅವನನ್ನು ಮೆಚ್ಚಿ ಮದುವೆಯಾದವಳು ಡೆಸ್ಡಿಮೋನ, ವೆನಿಸ್ಸಿನ ದೊಡ್ಡ ಮನೆತನದ ಹೆಣ್ಣುಮಗಳು, ಬಿಳಿಯಳು. ಅದು ಎರಡು ಕುಲಗಳ ನಡುವಿನ ಮದುವೆ ಎಂಬುದನ್ನು ನಾವು ಈ ಸಭೆಯಲ್ಲಿ ಮರೆಯಬಾರದು. ನಾಟಕದ ಮೊದಲ ದೃಶ್ಯದಲ್ಲೇ ಇಯಾಗೊ ನಡುರಾತ್ರಿ ಹೋಗಿ ಹುಡುಗಿಯ ತಂದೆಯ ಮನೆಯ ಕೆಳಗೆ ನಿಂತು ಕೂಗುತ್ತಾನೆ, ನಿನ್ನ ಮಗಳು ಯಾರ ಜೊತೆ ಹೋಗಿದ್ದಾಳೆ ನೋಡು ಎಂದು.

ಅವನು ಒಥೆಲೊನ ಹತ್ತಿರ ಮಾತಾಡುವ ರೀತಿ ನೋಡಬೇಕು. ನೇರವಾಗಿ ಏನೂ ಹೇಳುವುದಿಲ್ಲ. ಒಂದು ಮಾತು ಅನ್ನುತ್ತಾನೆ, ನಿಲ್ಲಿಸುತ್ತಾನೆ. ಏನದು ಎಂದು ಕೇಳಿದರೆ, ಏನಿಲ್ಲ ಬಿಡಿ ಅನ್ನುತ್ತಾನೆ. ಒತ್ತಾಯ ಮಾಡಿದರೆ, ಹೇಳಬಾರದು, ನಿಮ್ಮ ಮನಸ್ಸಿಗೆ ನೋವಾದೀತು ಅನ್ನುತ್ತಾನೆ. ಕೊನೆಗೆ ಕೇಳುವವನೇ ಬೇಡಿಕೊಂಡು ಚಾಡಿ ಹೇಳಿಸಿಕೊಳ್ಳುತ್ತಾನೆ! ಊರಲ್ಲೆಲ್ಲ ಇಯಾಗೊನಿಗೆ ಪ್ರಾಮಾಣಿಕ ಎಂಬ ಹೆಸರು ಬೇರೆ. ಡೆಸ್ಡಿಮೋನ ಸತ್ತ ಮೇಲೆ, ಎಲ್ಲ ಬಯಲಾದ ಮೇಲೆ, ಯಾಕೆ ಹೀಗೆ ಮಾಡಿದೆ ಎಂದು ಒಥೆಲೊ ಕೇಳುತ್ತಾನೆ. ಇಯಾಗೊ ಬಾಯಿ ಬಿಡುವುದಿಲ್ಲ. ಅಷ್ಟು ಹೊತ್ತು ಮಾತಿನಿಂದಲೇ ಕೊಂದವನು ಅಲ್ಲಿ ಮೌನವಾಗಿಬಿಡುತ್ತಾನೆ.

ಈಗ ನಮ್ಮ ಮನೆಯ ಖಳನ ಕಡೆ ಬರೋಣ. ಕೊಂಡಿ ಮಂಚಣ್ಣ.

ಹಳಗನ್ನಡದಲ್ಲಿ 'ಕೊಂಡೆಯ' ಎಂದರೆ ಚಾಡಿ. ಜನರ ಬಾಯಲ್ಲಿ ಅದು 'ಕೊಂಡಿ' ಆಯಿತು, ಚೇಳಿನ ಕೊಂಡಿ. ನಮ್ಮ ಜನರ ಭಾಷಾಜ್ಞಾನ ದೊಡ್ಡದು, ತಪ್ಪಾಗಿ ಉಚ್ಚರಿಸಿದರೂ ಅರ್ಥ ಸರಿಯಾಗಿಯೇ ಕುಟುಕಿತು. ಪುರಾಣ, ಕಾವ್ಯ, ನಾಟಕ, ಸಿನಿಮಾ ಎಲ್ಲದರಲ್ಲೂ ಮಂಚಣ್ಣ ಒಬ್ಬನೇ ಬದಲಾಗದೆ ಉಳಿದಿದ್ದಾನೆ. ಬಿಜ್ಜಳ ಬದಲಾಗಿದ್ದಾನೆ. 1959ರ 'ಜಗಜ್ಯೋತಿ ಬಸವೇಶ್ವರ' ಚಿತ್ರದಲ್ಲಿ ಬಿಜ್ಜಳನ ಪಾತ್ರ ರಾಜಕುಮಾರ್ ಅವರದು, ಅವರನ್ನು ದ್ವೇಷಿಸುವುದು ಹೇಗೆ? ಗಿರೀಶ ಕಾರ್ನಾಡರ 'ತಲೆದಂಡ'ದ ಬಿಜ್ಜಳನಂತೂ ಬಸವಣ್ಣನವರನ್ನು ಒಳಗೊಳಗೇ ಪ್ರೀತಿಸುವ, ತನ್ನ ಹುಟ್ಟಿನ ಬಗ್ಗೆ ನೊಂದ ಮನುಷ್ಯ. ಮಂಚಣ್ಣನಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಹಳ್ಳಿಗಳಲ್ಲಿ ಆ ಪಾತ್ರ ಮಾಡಿದವನಿಗೆ ಮರುದಿನ ಚಹಾದಂಗಡಿಯಲ್ಲೂ ಬೈಗುಳ ತಪ್ಪುವುದಿಲ್ಲ.

ಅವನು ಮಾಡಿದ್ದೇನು? ಕತ್ತಿ ಹಿಡಿಯಲಿಲ್ಲ. ಒಬ್ಬರ ಮೈಮೇಲೂ ಕೈ ಮಾಡಲಿಲ್ಲ. ಮೊದಲ ಚಾಡಿ ಹಣದ್ದು. ಬಸವಣ್ಣ ಭಂಡಾರದ ದುಡ್ಡನ್ನು ದಾಸೋಹಕ್ಕೆ ಸುರಿಯುತ್ತಿದ್ದಾನೆ ಎಂದ. ಬಿಜ್ಜಳ ಲೆಕ್ಕ ಕೇಳಿದ, ಭಂಡಾರ ತೆರೆಸಿದ. ಒಂದು ಹೊನ್ನೂ ಕಡಿಮೆ ಇರಲಿಲ್ಲ ಎನ್ನುತ್ತವೆ ನಮ್ಮ ಪುರಾಣಗಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಲೆಕ್ಕ ಸರಿಯಿತ್ತು, ಚಾಡಿ ಸುಳ್ಳೆಂದು ಸಿದ್ಧವಾಯಿತು. ಆಮೇಲೆ ಮಂಚಣ್ಣನಿಗೆ ಏನಾಯಿತು? ಏನೂ ಆಗಲಿಲ್ಲ. ಅವನು ಮತ್ತೆ ಅದೇ ಅರಮನೆಗೆ ಬಂದ, ಮತ್ತೆ ಅದೇ ಕಿವಿ ಸಿಕ್ಕಿತು. ಬಸವಣ್ಣನವರು ಕೇರಿಗೆ ಹೋದರು, ಶಿವನಾಗಿಮಯ್ಯನವರ ಮನೆಯಲ್ಲಿ ಪ್ರಸಾದ ತೆಗೆದುಕೊಂಡರು ಎಂದು ಹೊಸ ದೂರು ಬಂತು. ಕಥೆಯಲ್ಲಿ ನನಗೆ ಹೆದರಿಕೆ ಹುಟ್ಟಿಸುವ ಜಾಗ ಇದು. ಮಂಚಣ್ಣ ಬಂದದ್ದು ದೊಡ್ಡ ವಿಷಯವಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವನನ್ನು ಎರಡನೆಯ ಸಲ ಒಳಗೆ ಬಿಟ್ಟುಕೊಂಡವರು ಯಾರು? ಬಿಜ್ಜಳ ಸಾಮಾನ್ಯನಲ್ಲ. ಕಲ್ಯಾಣದ ಚಾಲುಕ್ಯರ ಸಾಮಂತನಾಗಿದ್ದು, ಅವರ ಸಿಂಹಾಸನವನ್ನೇ ವಶಪಡಿಸಿಕೊಂಡ ಕಲಚುರಿ. ಯಾರ ಮಾತು ಸುಳ್ಳು, ಯಾರ ಮಾತು ನಿಜ ಎಂದು ತಿಳಿಯದ ಪೆದ್ದನಾಗಿದ್ದರೆ ಅವನು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಕಿತ್ತುಕೊಂಡ ಪಟ್ಟದ ಮೇಲೆ ಕೂತವನಿಗೆ ಭಯ ಇರುತ್ತದೆ, ಭಯ ಇದ್ದವನಿಗೆ ಮಂಚಣ್ಣ ಬೇಕಾಗುತ್ತಾನೆ.

ಇನ್ನು ಮೂರನೆಯದು, ಕಲ್ಯಾಣವನ್ನು ಸುಟ್ಟದ್ದು. ಸಮಗಾರ ಹರಳಯ್ಯನವರ ಮಗ ಶೀಲವಂತ, ಬ್ರಾಹ್ಮಣ ಮೂಲದ ಮಧುವರಸರ ಮಗಳು ಲಾವಣ್ಯ, ಇವರ ಮದುವೆ. ಈ ಸಲ ಮಂಚಣ್ಣ ಸುಳ್ಳು ಹೇಳಲಿಲ್ಲ, ಬಂಧುಗಳೇ. ಮದುವೆ ನಡೆದದ್ದು ನಿಜ. ವರ ಯಾರು, ವಧು ಯಾರು ಎಂದು ಅವನು ಹೇಳಿದ್ದೂ ನಿಜ. ನಿಜಕ್ಕೆ ಒಂದು ಬಾಲ ಸೇರಿಸಿದ, ಅಷ್ಟೆ. ಧರ್ಮ ಕೆಟ್ಟಿತು, ನಾಡು ಹಾಳಾಯಿತು, ಸುಮ್ಮನಿದ್ದರೆ ನಾಳೆ ನಿನ್ನ ಪಟ್ಟವೂ ಉಳಿಯದು ಎಂಬ ಬಾಲ. ಹರಳಯ್ಯ, ಮಧುವರಸರಿಗೆ ಎಳೆಹೂಟೆ ಶಿಕ್ಷೆ ಆಯಿತು. ಬಿಜ್ಜಳನ ಕೊಲೆಯಾಯಿತು. ಶರಣರು ವಚನದ ಕಟ್ಟು ಹೊತ್ತು ದಿಕ್ಕುದಿಕ್ಕಿಗೆ ಹೋದರು.

ನಾವು ಭಾಷಣಗಳಲ್ಲಿ ಮಂಚಣ್ಣನ ಜಾತಿಯನ್ನು ಎತ್ತಿ ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು. ನನಗೆ ಅದು ಸರಿ ಕಾಣುವುದಿಲ್ಲ. ಮಗಳನ್ನು ಕೊಟ್ಟ ಮಧುವರಸರೂ ಹುಟ್ಟಿನಿಂದ ಆ ಜಾತಿಯವರೇ. ಬಸವಣ್ಣನವರೂ. ಜಾತಿಯಿಂದ ಖಳನನ್ನು ಗುರುತಿಸುವುದಾದರೆ ನಾವು ಹನ್ನೆರಡನೆಯ ಶತಮಾನದಿಂದ ಕಲಿತದ್ದಾದರೂ ಏನು? ಎಲ್ಲವನ್ನೂ ಮಂಚಣ್ಣನ ತಲೆಗೆ ಕಟ್ಟುವುದರಲ್ಲಿ ಇನ್ನೊಂದು ಅನುಕೂಲವಿದೆ. ನಾಟಕದಲ್ಲಿ ಬಿಜ್ಜಳನ ಸಭೆಯ ದೃಶ್ಯ ನೆನಪಿಸಿಕೊಳ್ಳಿ. ಪೇಟ ಸುತ್ತಿಕೊಂಡು ಎರಡೂ ಬದಿ ಎಂಟು ಹತ್ತು ಜನ ನಿಂತಿರುತ್ತಾರೆ. ಸಭಾಸದರು. ಅವರಿಗೆ ಮಾತಿಲ್ಲ. ಮಂಚಣ್ಣ ಹೇಳುವಾಗ ತಲೆಯಾಡಿಸುವುದಷ್ಟೇ ಅವರ ಪಾತ್ರ. ಊರಿನಲ್ಲಿ ಮಾತು ನೆನಪಿಡಲು ಬಾರದವರಿಗೆ ಆ ಪಾತ್ರ ಕೊಡುತ್ತಾರೆ. ನಾಟಕ ಮುಗಿದ ಮೇಲೆ ಅವರನ್ನು ಯಾರೂ ಬೈಯುವುದಿಲ್ಲ.

ಇದೆಲ್ಲ ಹಳೆಯ ಕಾಲದ ಮಾತು ಎನ್ನುವವರಿಗಾಗಿ ನಮ್ಮ ಕಾಲದ್ದೇ ಒಂದು ಸಂಗತಿ ಹೇಳುತ್ತೇನೆ. ಆಫ್ರಿಕಾದಲ್ಲಿ ರುವಾಂಡಾ ಎಂಬ ಚಿಕ್ಕ ದೇಶ. ಹುಟು, ಟುಟ್ಸಿ ಎಂಬ ಎರಡು ಸಮುದಾಯ. ಇಬ್ಬರದೂ ಒಂದೇ ಭಾಷೆ, ಅಕ್ಕಪಕ್ಕದ ಮನೆ, ನಡುನಡುವೆ ಮದುವೆ ಸಂಬಂಧಗಳೂ ಇದ್ದವು. 1993ರಲ್ಲಿ ಅಲ್ಲಿ ಒಂದು ಖಾಸಗಿ ರೇಡಿಯೊ ಶುರುವಾಯಿತು, ಆರ್‌ಟಿಎಲ್‌ಎಂ ಎಂದು. ಒಳ್ಳೆಯ ಹಾಡು ಹಾಕುತ್ತಿದ್ದರು, ನಗೆಚಟಾಕಿ ಹಾರಿಸುತ್ತಿದ್ದರು. ಜನಕ್ಕೆ ಬಹಳ ಹಿಡಿಸಿತು. ಹಾಡುಗಳ ನಡುವೆ ಟುಟ್ಸಿಗಳನ್ನು ಜಿರಳೆಗಳು ಎನ್ನುತ್ತಿದ್ದರು. 1994ರ ಏಪ್ರಿಲ್‌ನಲ್ಲಿ ಹತ್ಯಾಕಾಂಡ ಶುರುವಾದಾಗ ಅದೇ ರೇಡಿಯೊ ಇಂಥವರು ಇಂಥ ಕಡೆ ಇದ್ದಾರೆ ಎಂದು ಹೆಸರು, ಜಾಗ ಓದಿ ಹೇಳಿತು. ಆ ಹೆಸರು ನಿಜ, ಆ ಜಾಗವೂ ನಿಜ! ಸುಮಾರು 100 ದಿನಗಳಲ್ಲಿ ಲಕ್ಷಾಂತರ ಜನರನ್ನು ಕೊಂದರು. ಎಷ್ಟೋ ಕಡೆ ಕೊಂದವರು ನೆರೆಮನೆಯವರು, ಕೈಯಲ್ಲಿದ್ದದ್ದು ಹೊಲದ ಕೆಲಸದ ಕತ್ತಿ.

2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಆ ರೇಡಿಯೊ ಕಟ್ಟಿದ ಇಬ್ಬರಿಗೆ ಶಿಕ್ಷೆ ವಿಧಿಸಿತು. ಅವರಲ್ಲೊಬ್ಬ ಫರ್ಡಿನಾಂಡ್ ನಹಿಮಾನ. ಇತಿಹಾಸದ ಪ್ರಾಧ್ಯಾಪಕ. ಮೀಸೆ ತಿರುವುವ ಖಳನಲ್ಲ, ಪಾಠ ಹೇಳುವ ಮೇಷ್ಟ್ರು. ನಾನೂ ಮೇಷ್ಟ್ರಾಗಿದ್ದವನು, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮಾತಾಡಿದವರಿಗೆ ಶಿಕ್ಷೆಯಾಯಿತು. ಸಂಜೆ ಹೊತ್ತು ರೇಡಿಯೊ ಸುತ್ತ ಕೂತು, ಚಟಾಕಿಗೆ ನಕ್ಕು, ಇನ್ನೂ ಸ್ವಲ್ಪ ಜೋರು ಮಾಡು ಎಂದವರ ಲೆಕ್ಕ ಯಾವ ನ್ಯಾಯಾಲಯ ಇಟ್ಟೀತು?

ಈಗ ನನ್ನ ವಿಷಯ ನಮ್ಮ ಊರಿಗೆ ಬರುತ್ತದೆ. ಪೂಜ್ಯರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ.

ಮುಂದಿನ ತಿಂಗಳು ಇದೇ ಮಠದಲ್ಲಿ ಒಂದು ಕಲ್ಯಾಣ ಮಹೋತ್ಸವವಿದೆ. ಹುಡುಗ ನಮ್ಮವರ ಪೈಕಿ ಅನುಕೂಲಸ್ಥ ಮನೆಯವನು. ಹುಡುಗಿಯ ಅಜ್ಜ ಸಮಗಾರಿಕೆ ಮಾಡುತ್ತಿದ್ದವರು, ತಂದೆ ಶಾಲಾ ಶಿಕ್ಷಕರು. ಆ ಮನೆಯವರೆಲ್ಲ ಲಿಂಗದೀಕ್ಷೆ ಪಡೆದು ಇಪ್ಪತ್ತು ವರ್ಷ ದಾಟಿದೆ, ನಿತ್ಯ ಇಷ್ಟಲಿಂಗ ಪೂಜೆ ಬಿಟ್ಟವರಲ್ಲ. ನಮ್ಮಲ್ಲಿ ಎಷ್ಟು ಮನೆಗಳ ಬಗ್ಗೆ ಹಾಗೆ ಹೇಳಬಹುದು ಎಂಬ ಪ್ರಶ್ನೆ ಈಗ ಬೇಡ. ಎರಡೂ ಮನೆಯ ಹಿರಿಯರು ಒಪ್ಪಿದ್ದಾರೆ. ಹುಡುಗ ಹುಡುಗಿ ಒಪ್ಪಿದ್ದಾರೆ. ಪೂಜ್ಯರು ದಿನ ಕೊಟ್ಟಿದ್ದಾರೆ.

ಎರಡು ವಾರದಿಂದ ಫೋನ್ ಓಡಾಡುತ್ತಿದೆ. ಈ ಸಭೆಯಲ್ಲಿ ಕೂತ ಅನೇಕರಿಗೆ ಬಂದಿದೆ ಎಂದು ನನಗೆ ಗೊತ್ತು. ನನಗೂ ಬಂತು. "ಸರ್, ನಮಗ್ಯಾಕ ಬೇಕು ಬಿಡ್ರಿ, ಆದ್ರ ಹುಡುಗೀ ಕಡಿಯವರು ಯಾರು ಅಂತ ನಿಮಗ ಗೊತ್ತೇನ್ರಿ?" ಎಂದು ಶುರು. ಆಮೇಲೆ ಒಂದು ನಿಲುಗಡೆ. ನಾನು ಕೇಳಲಿ ಎಂದು. ಇಯಾಗೊ ನಮ್ಮ ಜಿಲ್ಲೆಯ ಕನ್ನಡವನ್ನು ಚೆನ್ನಾಗಿ ಕಲಿತಿದ್ದಾನೆ ಅನ್ನಿಸಿತು. ನನಗೆ ಗೊತ್ತಿದೆ ಎಂದೆ. "ಹಂಗಲ್ರಿ, ಹುಡುಗನ ತಂಗೀಗೆ ಇನ್ನ ಲಗ್ನ ಆಗಬೇಕಲ್ರಿ, ಆ ಕೂಸಿನ ಗತಿ ಏನು?" ಎಂದರು. ನೋಡಿ, ಎಷ್ಟು ಕಾಳಜಿ! ನಾನು ಹೇಳಿದೆ, ನೀವು ಯಾರು ಹೇಳಿರಿ, ನಾಳೆ ಎರಡೂ ಮನೆಯವರನ್ನು ಮಠಕ್ಕೆ ಕರೆಸುತ್ತೇನೆ, ಪೂಜ್ಯರ ಸನ್ನಿಧಿಯಲ್ಲಿ ಇದೇ ಮಾತನ್ನು ಹೇಳುವಿರಂತೆ, ಚಹಾ ನನ್ನದು. ಫೋನ್ ಇಟ್ಟುಬಿಟ್ಟರು. ಮತ್ತೆ ಬಂದಿಲ್ಲ.

ಅವರು ಯಾರೆಂದು ಹುಡುಕುವ ಆಸೆ ನನಗಿಲ್ಲ. ಹುಡುಗನ ತಾಯಿ ಮೊನ್ನೆ ಅಕ್ಕನ ಬಳಗಕ್ಕೆ ಬಂದಾಗ ಇಬ್ಬರು ಎದ್ದು ಬೇರೆ ಕಡೆ ಹೋಗಿ ಕೂತರು ಎಂದು ಕೇಳಿದೆ. ಆ ತಾಯಿ ಇವತ್ತೂ ಬಂದಿದ್ದಾರೆ, ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅವರ ಪಕ್ಕದ ಕುರ್ಚಿ ಈಗಲೂ ಖಾಲಿ ಇದೆ. ನನ್ನ ಮಾತು ಮುಗಿದ ಮೇಲೆ ಪ್ರಸಾದವಿದೆ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತೇವೆ.

ಮದುವೆ ಮುಂದಿನ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಕರೆಯೋಲೆ ಬರಲಿಲ್ಲ ಎನ್ನುವವರಿಗೆ ಇದೇ ಕರೆಯೋಲೆ. ಮನೆಮಂದಿಯೆಲ್ಲ ಬನ್ನಿ.