ಆಪ್ತಸಮಾಲೋಚಕರ ಬಳಿಗೆ ಮೊದಲ ಸಲ ಹೋಗುವವರಿಗೆ
(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಮನಶ್ಶಾಸ್ತ್ರ ಓದಿದವನೂ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ, ಪಗಾರದ ಪಟ್ಟಿ ಬರೆಯುವವನು. ಆದರೂ ಈ ವಿಷಯವನ್ನು ತೆಗೆದುಕೊಂಡದ್ದಕ್ಕೆ ಕಾರಣವಿದೆ. ಸಂಜೆ ಪತ್ರಿಕೆಗಳನ್ನು ಜೋಡಿಸಿಡುವ ಹೊತ್ತಿನಲ್ಲಿ ಕೆಲವು ಸದಸ್ಯರು ಮೆಲ್ಲಗೆ ಬಳಿ ಬಂದು, "ರಾತ್ರಿ ನಿದ್ರೆ ಹತ್ತುವುದಿಲ್ಲ, ಎದೆ ಡವಗುಟ್ಟುತ್ತದೆ. ಡಾಕ್ಟರು ತಪಾಸಣೆ ಮಾಡಿ ಎಲ್ಲ ಸರಿಯಿದೆ, ಕೌನ್ಸೆಲರ್ ಹತ್ತಿರ ಹೋಗಿ ಎಂದರು. ಅಲ್ಲಿ ಏನು ಮಾಡುತ್ತಾರೆ?" ಎಂದು ಕೇಳುವುದುಂಟು. ಕಳೆದ ವರ್ಷ ನಾನೂ ಅಂಥ ಒಬ್ಬರ ಬಳಿಗೆ ಹತ್ತು ವಾರ ಹೋಗಿ ಬಂದೆ. ಆದುದರಿಂದ ನಾನು ಕಂಡದ್ದನ್ನೂ, ಆ ಮೇಲೆ ಓದಿ ತಿಳಿದದ್ದನ್ನೂ ತಮ್ಮ ಮುಂದೆ ಇಡುತ್ತೇನೆ.

ಊರು ಬಿಟ್ಟು ಬಂದವರ ಕಷ್ಟ ಒಂದು ಬಗೆಯದು. ತಿಂಗಳಿಗೆ ಸರಿಯಾಗಿ ಹಣ ಹೋದರೆ ಸಾಕು, ಮಗ ಸುಖವಾಗಿದ್ದಾನೆ ಎಂದು ಮನೆಯವರ ಎಣಿಕೆ. ಇಲ್ಲಿ ಒಂದು ಖೋಲಿಯಲ್ಲಿ ಐದು ಜನ ಮಲಗುತ್ತೇವೆ, ಆದರೂ ಮನಸ್ಸಿನ ಮಾತು ಹೇಳಲು ಒಬ್ಬರೂ ಸಿಕ್ಕುವುದಿಲ್ಲ. ಚಿಂತೆ ಚಿತೆಗಿಂತ ಕೆಟ್ಟದ್ದೆಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಮೊದಲಿಗೆ, ಯಾರು ಯಾರೆಂಬುದು ತಿಳಿದಿರಬೇಕು. ಮನೋವೈದ್ಯರೆಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗದಲ್ಲಿ ಮೇಲಿನ ವ್ಯಾಸಂಗ ಮಾಡಿದ ಡಾಕ್ಟರು. ಔಷಧ ಬರೆದುಕೊಡುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟರು ಮಾತಿನ ಚಿಕಿತ್ಸೆಯಲ್ಲೂ ಮಾನಸಿಕ ಪರೀಕ್ಷೆಗಳಲ್ಲೂ ತರಬೇತಾದವರು. 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ಹೆಸರು ನೋಂದಣಿಯಾಗಿರಬೇಕು. ಮೂರನೆಯವರು ಆಪ್ತಸಮಾಲೋಚಕರು. ಮನಶ್ಶಾಸ್ತ್ರದಲ್ಲೋ ಸಮಾಜಕಾರ್ಯದಲ್ಲೋ ಎಂ.ಎ. ಮಾಡಿ, ಹಿರಿಯರ ಕೈಕೆಳಗೆ ಅಭ್ಯಾಸ ಮಾಡಿದ ಒಳ್ಳೆಯವರು ಇವರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಇವರ ವಿಷಯದಲ್ಲಿ ಕಟ್ಟುಪಾಡು ಇನ್ನೂ ಬಿಗಿಯಾಗಿ ಬೇರೂರಿಲ್ಲ. ನಾಲ್ಕು ದಿನದ ತರಗತಿ ಮುಗಿಸಿದವರೂ ಬೋರ್ಡು ತೂಗುಹಾಕುವುದುಂಟು.

ಆದುದರಿಂದಲೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇದು: ಆ ಕೋಣೆಗೆ ಅಪರಾಧಿಯ ಹಾಗೆ ತಲೆ ತಗ್ಗಿಸಿಕೊಂಡು ಹೋಗಬೇಡಿ. ಮೊದಲ ದಿನ ಅವರು ನಮ್ಮನ್ನು ಪ್ರಶ್ನೆ ಕೇಳುತ್ತಾರೆ. ನಾವೂ ಅವರನ್ನು ಕೇಳಬೇಕು. ತಾವು ಎಲ್ಲಿ ಓದಿದ್ದೀರಿ? ಇಂಥ ತೊಂದರೆಯವರನ್ನು ನೋಡಿದ ಅನುಭವ ಇದೆಯೇ? ಒಂದು ಭೇಟಿಗೆ ಎಷ್ಟು ಹಣ? ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು? ನಾನು ಹೇಳಿದ್ದು ಯಾರಿಗೆ ತಿಳಿಯುತ್ತದೆ? ಇಷ್ಟನ್ನು ಕೇಳಿದರೆ ಒಳ್ಳೆಯ ಸಮಾಲೋಚಕರು ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೆ ಅದೂ ಒಂದು ಉತ್ತರವೇ.

ಹಣದ ಮಾತು. ದೊಡ್ಡ ಊರುಗಳಲ್ಲಿ ಒಂದು ಭೇಟಿಗೆ ಕೆಲವರು 500 ರೂಪಾಯಿ ತೆಗೆದುಕೊಂಡರೆ ಕೆಲವರು 2,000 ಮೀರಿ ತೆಗೆದುಕೊಳ್ಳುತ್ತಾರೆ. ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ, ವಾರಕ್ಕೊಂದು ಸಲ. ಎರಡು ಮೂರು ತಿಂಗಳು ನಡೆದರೆ ಎಷ್ಟಾಗುವುದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಕಡಮೆ ವರಮಾನದವರಿಗೆ ದರ ಇಳಿಸುವ ಪದ್ಧತಿ ಹಲವರಲ್ಲಿ ಇದೆ, ಕೇಳಲು ನಾಚಬೇಕಾಗಿಲ್ಲ.

ಮೊದಲ ಭೇಟಿಯಲ್ಲಿ ಒಂದು ಫಾರಮು ತುಂಬಿಸುತ್ತಾರೆ. ಹೆಸರು, ವಯಸ್ಸು, ಕೆಲಸ, ತುರ್ತಿಗೆ ಒಬ್ಬರ ಫೋನ್ ನಂಬರು. ಒಪ್ಪಿಗೆ ಪತ್ರ ಕೊಟ್ಟರೆ ಓದದೆ ಸಹಿ ಮಾಡಬೇಡಿ. ಆ ಮೇಲೆ ನಿದ್ರೆ, ಊಟ, ಕುಡಿತ, ಮನೆ, ಹಿಂದಿನ ಕಾಯಿಲೆ ಎಲ್ಲವನ್ನೂ ವಿಚಾರಿಸುತ್ತಾರೆ. "ಸಾಯಬೇಕೆಂದು ಅನ್ನಿಸುತ್ತದೆಯೇ?" ಎಂದು ನೇರವಾಗಿಯೇ ಕೇಳುತ್ತಾರೆ. ಗಾಬರಿಯಾಗಬೇಡಿ. ಅದು ಎಲ್ಲರಿಗೂ ಕೇಳುವ ಪ್ರಶ್ನೆ. ಹೌದಾದರೆ ಹೌದೆಂದೇ ಹೇಳಿ. ಅದನ್ನು ಹೇಳುವುದಕ್ಕೆ ಆ ಕೋಣೆಗಿಂತ ತಕ್ಕ ಜಾಗವಿಲ್ಲ.

ನಾನು ಹೋದದ್ದು ತಾಯಿ ತೀರಿಕೊಂಡ ನಾಲ್ಕು ತಿಂಗಳ ಮೇಲೆ. ರೈಲು ಹತ್ತಿ ಊರು ಮುಟ್ಟುವಷ್ಟರಲ್ಲಿ ದಹನ ಮುಗಿದಿತ್ತು. ಅಂದಿನಿಂದ ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಆ ಸಮಾಲೋಚಕಿ ಏನಾದರೂ ಉಪದೇಶ ಮಾಡುವರು, ಗೀತೆಯ ಮಾತು ಹೇಳುವರು ಎಂದುಕೊಂಡಿದ್ದೆ. ಅವರು ಹಾಗೆ ಮಾಡಲಿಲ್ಲ. ಕೇಳಿದರು, ಕೇಳಿದ್ದನ್ನು ತಿರುಗಿ ಹೇಳಿ ಸರಿಯೇ ಎಂದು ವಿಚಾರಿಸಿದರು. ಎರಡನೆಯ ವಾರ ಮನಸ್ಸು ಹಗುರವಾಗುವುದರ ಬದಲು ಇನ್ನಷ್ಟು ಭಾರವಾಯಿತು. ಕೆಲವರಿಗೆ ಮೊದಮೊದಲು ಹೀಗಾಗುವುದುಂಟು, ಮುಚ್ಚಿಟ್ಟದ್ದು ಮೇಲೆ ಬರುತ್ತದೆ ಎಂದರು. ಐದನೆಯ ವಾರದ ಹೊತ್ತಿಗೆ ಬೆಳಗಿನ ತನಕ ನಿದ್ರೆ ಮಾಡಿದೆ. ದುಃಖ ಹೋಗಲಿಲ್ಲ, ಅದರ ಜೊತೆಗೆ ಕೆಲಸ ಮಾಡುವುದು ಸಾಧ್ಯವಾಯಿತು.

ಕೆಲವರು ಮನೆಗೆ ಕೆಲಸ ಕೊಡುವುದೂ ಉಂಟು. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಬೆಳೆಸಿದ ಪದ್ಧತಿಯೊಂದಿದೆ. ಮನಸ್ಸು ಕುಗ್ಗಿದಾಗ ತಲೆಯಲ್ಲಿ ಬಂದ ಯೋಚನೆಯನ್ನು ಕಾಗದದ ಮೇಲೆ ಬರೆಯಬೇಕು. ಅದಕ್ಕೆ ಸಾಕ್ಷಿ ಏನು, ವಿರುದ್ಧ ಸಾಕ್ಷಿ ಏನು ಎಂದು ಎದುರಿಗೆ ಬರೆಯಬೇಕು. ಜಮಾ ಖರ್ಚು ಬರೆಯುವ ನಮ್ಮಂಥವರಿಗೆ ಇದು ಕಷ್ಟವಲ್ಲ.

ಇನ್ನು ಗುಟ್ಟಿನ ಮಾತು. ನಮ್ಮ ಒಪ್ಪಿಗೆಯಿಲ್ಲದೆ ಮಾಲೀಕರಿಗಾಗಲಿ ಮನೆಯವರಿಗಾಗಲಿ ಸಮಾಲೋಚಕರು ಹೇಳತಕ್ಕದ್ದಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಚಿಕಿತ್ಸೆ ಪಡೆಯುವವನ ಗುಟ್ಟು ಕಾಪಾಡುವ ಹಕ್ಕನ್ನು ಬರೆದಿಟ್ಟಿದ್ದಾರೆ. ಇದಕ್ಕೆ ಹೊರತಾದ ಸಂದರ್ಭಗಳಿವೆ: ನಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದಾಗ, ನ್ಯಾಯಾಲಯ ಆಜ್ಞೆ ಮಾಡಿದಾಗ, ಮಕ್ಕಳ ಮೇಲೆ ಲೈಂಗಿಕ ಅತ್ಯಾಚಾರ ನಡೆದದ್ದು ತಿಳಿದಾಗ. ಮೂರನೆಯದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ಹೇಳುತ್ತದೆ.

ಭಾಷೆಯ ವಿಷಯವೂ ಸಣ್ಣದಲ್ಲ. ಲೆಕ್ಕದ ಮಾತು ಹಿಂದಿಯಲ್ಲಾದೀತು, ಅಳುವ ಮಾತು ತಾಯ್ನುಡಿಯಲ್ಲೇ ಬರುತ್ತದೆ. ಕನ್ನಡ ಬಲ್ಲವರು ಹತ್ತಿರ ಸಿಕ್ಕದಿದ್ದರೆ, ಕರ್ನಾಟಕದಲ್ಲಿರುವವರ ಜೊತೆ ಫೋನಿನಲ್ಲೋ ವಿಡಿಯೋದಲ್ಲೋ ಮಾತನಾಡಬಹುದು. ಆದರೆ ಆ ಒಂದು ಗಂಟೆ ಯಾರ ಕಿವಿಗೂ ಬೀಳದ ಜಾಗ ಹುಡುಕಿಕೊಳ್ಳಬೇಕು. ಹೆಂಗಸರು ಹೆಂಗಸರೇ ಬೇಕೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮೂರು ನಾಲ್ಕು ಭೇಟಿಯ ಮೇಲೂ ಹೊಂದಿಕೆಯಾಗದಿದ್ದರೆ ಅದನ್ನು ಅವರಿಗೇ ಹೇಳಿ. ಬೇಕಾದರೆ ಬೇರೆಯವರ ಬಳಿಗೆ ಹೋಗಿ. ಆದರೆ ಕೆಲವು ಲಕ್ಷಣ ಕಂಡರೆ ಕಾಯಬಾರದು. ಇಷ್ಟೇ ದಿನದಲ್ಲಿ ಗುಣ ಎಂದು ಭರವಸೆ ಕೊಡುವವರು, ದೊಡ್ಡ ಮೊತ್ತ ಮುಂಗಡ ಕೇಳುವವರು, ಸಾಲ ಅಥವಾ ವ್ಯಾಪಾರದ ಮಾತೆತ್ತುವವರು, ಮೈ ಮುಟ್ಟುವವರು, ಡಾಕ್ಟರು ಕೊಟ್ಟ ಗುಳಿಗೆ ನಿಲ್ಲಿಸಿ ಎನ್ನುವವರು: ಇಂಥವರಿಂದ ಅಂದೇ ಎದ್ದು ಬನ್ನಿ.

ಎಲ್ಲವೂ ಮಾತಿನಿಂದ ಗುಣವಾಗುವುದಿಲ್ಲ. ಥೈರಾಯ್ಡ್ ಗ್ರಂಥಿ ಮಂದವಾದರೂ ಮನಸ್ಸು ಕುಗ್ಗುತ್ತದೆ, ಅದಕ್ಕೆ ರಕ್ತಪರೀಕ್ಷೆ ಬೇಕು. ಇಲ್ಲದ ದನಿ ಕೇಳಿಸಿದರೆ ಮನೋವೈದ್ಯರನ್ನು ಕಾಣಬೇಕು. ಕುಡಿತ ಬಿಟ್ಟ ಮೇಲೆ ಕೈ ನಡುಗಿ ಮಾತು ತೊದಲಿದರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಮುಂಬಯಿಯ ಕೆ.ಇ.ಎಂ., ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಖಾಸಗಿಯವರಿಗೆ ಕೊಡುವಷ್ಟು ಹಣ ಅಲ್ಲಿ ಬೇಕಾಗುವುದಿಲ್ಲ.

ರಾತ್ರಿ ಹೊತ್ತಿನಲ್ಲಿ ಮನಸ್ಸು ಕೈಮೀರಿದರೆ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ-ಮಾನಸ್. 2022ರ ಅಕ್ಟೋಬರಿನಲ್ಲಿ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ, ಭಾಷೆಗಳಲ್ಲಿ ಕನ್ನಡವೂ ಇದೆ.

ಓದಲು ಇಷ್ಟವಿರುವವರಿಗೆ ಒಂದು ಸೂಚನೆ. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯದ ಬಗ್ಗೆ ತಿಳಿಗನ್ನಡದಲ್ಲಿ ಹಲವು ಪುಸ್ತಕ ಬರೆದಿದ್ದಾರೆ. ಮೊದಲ ಭೇಟಿಗೆ ಮುಂಚೆ ಒಂದನ್ನಾದರೂ ಓದಿಕೊಂಡರೆ ಅಳುಕು ಕಡಮೆಯಾಗುತ್ತದೆ.

ಹೋಗುವ ದಿನ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಬಾಯಿ ಕಟ್ಟಿದರೆ ಚೀಟಿಯನ್ನೇ ಅವರ ಕೈಗೆ ಕೊಟ್ಟರಾಯಿತು.