ಕೊಪ್ಪಳದ ಕಾರಖಾನೆಗಳು: ಲಾಭಾಲಾಭ ವಿಚಾರ



ಮಠದ ಉತ್ಸವದಲ್ಲಿ ಕಾರಖಾನೆಯ ಮಾತೇಕೆಂದು ಕೆಲವರಿಗೆ ತೋರಬಹುದು. ಕೊಪ್ಪಳದ ವರ್ತಮಾನವನ್ನು ಬಲ್ಲವರಿಗೆ ಈ ಶಂಕೆ ಬಾರದು. 2025ನೆಯ ಇಸವಿ ಫೆಬ್ರವರಿ 24ರಂದು ಆ ಪಟ್ಟಣದ ಅಂಗಡಿಬಾಗಿಲುಗಳು ಮುಚ್ಚಿದ್ದುವು. ಗವಿಮಠದ ಶ್ರೀ ಗವಿಸಿದ್ಧೇಶ್ವರ ಸ್ವಾಮಿಗಳವರು ಸಾವಿರಾರು ಜನರೊಡನೆ ಬೀದಿಗಿಳಿದು, ಊರಿನ ಮಗ್ಗುಲಲ್ಲಿಯೇ ಏಳಲಿದ್ದ ಬೃಹತ್ತಾದ ಉಕ್ಕಿನ ಕಾರಖಾನೆಯು ಬೇಡವೆಂದು ಸರಕಾರಕ್ಕೆ ಮೊರೆಯಿಟ್ಟರು. ಸುಮಾರು 54,000 ಕೋಟಿ ರೂಪಾಯಿಗಳ ಬಂಡವಾಳ, ವರ್ಷಕ್ಕೆ ಒಂದು ಕೋಟಿ ಐದು ಲಕ್ಷ ಟನ್ನು ಉಕ್ಕು: ಇದು ಸಾರಲ್ಪಟ್ಟ ಯೋಜನೆ. ಕೆಲಸವನ್ನು ನಿಲ್ಲಿಸಬೇಕೆಂದು ಮುಖ್ಯಮಂತ್ರಿಗಳು ಬಳಿಕ ಸೂಚಿಸಿದರು. ಗದಗು ಸೀಮೆಯ ಹಳ್ಳಿಗುಡಿಯಲ್ಲಿಯೂ 2011ರಲ್ಲಿ ಇಂಥದೇ ಪ್ರಸಂಗವೊದಗಿ, ತೋಂಟದಾರ್ಯ ಮಠದ ಶ್ರೀ ಸಿದ್ಧಲಿಂಗ ಸ್ವಾಮಿಗಳವರು ರೈತರ ಪರವಾಗಿ ನಿಂತುದನ್ನು ಸಭಿಕರು ಮರೆತಿರಲಾರರು.

ಆದರೆ ಕಾರಖಾನೆಯೆಂದೊಡನೆ ಅದನ್ನು ಅನಿಷ್ಟವೆಂದು ತಳ್ಳಿಬಿಡುವುದು ನ್ಯಾಯವಾಗದು. ಕೊಪ್ಪಳವು ಮಳೆ ಕಡಿಮೆಯಾದ ಸೀಮೆ. 1953ರಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನ ನೀರು ಗಂಗಾವತಿಯ ಕಡೆಯ ಗದ್ದೆಗಳನ್ನು ಹಸುರುಮಾಡಿತು. ಕುಷ್ಟಗಿ, ಯಲಬುರ್ಗಿಗಳ ಹೊಲಗಳು ಬಹುಮಟ್ಟಿಗೆ ಮುಗಿಲನ್ನೇ ನೋಡುತ್ತ ಉಳಿದುವು. ಸುಗ್ಗಿ ಮುಗಿದ ಮೇಲೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಮಂಗಳೂರಿಗೋ ಗುಳೆ ಹೋಗುವ ಸಂಸಾರಗಳು ಅಲ್ಲಿ ಅಪೂರ್ವವಲ್ಲ. ಗುಳೆ ಹೋದ ಮನೆಯ ಹುಡುಗನ ಶಾಲೆ ಅಲ್ಲಿಗೇ ನಿಂತಿತು. ಮುದುಕರು ಬೀಗ ಹಾಕಿದ ಮನೆಯ ಜಗಲಿಯಲ್ಲಿ ಕುಳಿತರು. ಇಂಥ ಸೀಮೆಯಲ್ಲಿ ತಿಂಗಳ ಸಂಬಳವೆಂಬುದು ಅಲ್ಪವಸ್ತುವಲ್ಲ. ಗಿಣಿಗೇರಿಯ ಸುತ್ತಣ ಕಬ್ಬಿಣದ ಕಾರಖಾನೆಗಳಿಂದ ಹಲವು ಮನೆಗಳ ಒಲೆ ಉರಿದಿದೆ. ಕಾಯಕವನ್ನು ಕೈಲಾಸವೆಂದು ಬಗೆದ ಸಮಾಜವು ಕಾಯಕದ ಸ್ಥಾನವೊಂದನ್ನು ಹಗುರಾಗಿ ಕಾಣಲಾಗದು.

ಇನ್ನು ಅಲಾಭದ ಲೆಕ್ಕ. ಸ್ಪಾಂಜ್ ಐರನ್ ಎಂಬ ರಂಧ್ರಮಯವಾದ ಕಬ್ಬಿಣವನ್ನು ಮಾಡುವ ಬಗೆ ಹೀಗಿದೆ: ಅದಿರನ್ನೂ ಕಲ್ಲಿದ್ದಲನ್ನೂ ತಿರುಗುವ ಉದ್ದನೆಯ ಕುಲುಮೆಯಲ್ಲಿ ಸುಮಾರು ಸಾವಿರ ಡಿಗ್ರಿ ಉಷ್ಣದಲ್ಲಿ ಕಾಯಿಸುತ್ತಾರೆ. ಒಂದು ಟನ್ನು ಸರಕು ಹೊರಬರಬೇಕಾದರೆ ಒಂದೂವರೆ ಟನ್ನಿಗಿಂತ ಮಿಗಿಲಾದ ಅದಿರೂ ಒಂದು ಟನ್ನಿಗಿಂತ ಹೆಚ್ಚಿನ ಕಲ್ಲಿದ್ದಲೂ ಒಳಹೋಗಬೇಕು. ಅಂದಮೇಲೆ ದಿನಕ್ಕೆ ನೂರು ಟನ್ನು ಮಾಡುವ ಒಂದೇ ಕುಲುಮೆಗೆ ಮುನ್ನೂರು ಟನ್ನಿನಷ್ಟು ಸಾಮಗ್ರಿ ಬರಬೇಕು; ಲಾರಿಗೆ ಇಪ್ಪತ್ತು ಟನ್ನೆಂದರೂ ಹದಿನೈದು ಲಾರಿಗಳು ತುಂಬಿ ಬಂದು ಬರಿದಾಗಿ ಮರಳಬೇಕು, ಬೂದಿಯನ್ನು ಸಾಗಿಸುವವು ಬೇರೆ. ಕುಲುಮೆಗಳು ಹತ್ತಾದರೆ ಲಾರಿಗಳೂ ಹತ್ತುಮಡಿ. ಸಂಡೂರು ಹೊಸಪೇಟೆಗಳ ಕಡೆಯಿಂದ ಅದಿರು ತರುವ ದಾರಿಯಲ್ಲಿ ಹಳ್ಳಿಯ ಮಕ್ಕಳು ಶಾಲೆಗೆ ನಡೆಯುತ್ತವೆ, ಚಕ್ಕಡಿಗಳು ಹೊಲಕ್ಕೆ ಹೋಗುತ್ತವೆ.

ಮೇಲೆ ಹೇಳಿದ ಬೃಹದ್ಯೋಜನೆಗಾದರೆ ಲಾರಿಯ ಮಾತೇ ಸಲ್ಲದು. ಅಷ್ಟು ಉಕ್ಕಿಗೆ ದಿನವೊಂದಕ್ಕೆ ಎಪ್ಪತ್ತೈದು ಸಾವಿರ ಟನ್ನಿನಷ್ಟು ಅದಿರು, ಕಲ್ಲಿದ್ದಲು, ಸುಣ್ಣಗಲ್ಲುಗಳು ಬೇಕಾಗುವುವು. ಒಂದು ಗೂಡ್ಸ್ ಗಾಡಿಯು ಹೊರುವುದು ನಾಲ್ಕು ಸಾವಿರ ಟನ್ನಿನ ಒಳಗೆ. ಎಂದರೆ ದಿನಕ್ಕೆ ಇಪ್ಪತ್ತು ಗಾಡಿಗಳು. ಉಕ್ಕನ್ನು ಸಾಗಿಸುವ ಗಾಡಿಗಳು ಈ ಎಣಿಕೆಗೆ ಸೇರಿಲ್ಲ! ರಸ್ತೆಯ ಸಂಕಟವನ್ನು ರೈಲಿಗೆ ವರ್ಗಾಯಿಸಬಹುದು, ಇಲ್ಲದಂತೆ ಮಾಡಲಾಗದು.

ಗಾಳಿಯ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. 2009ರ ಮಾನದಂಡದ ಮೇರೆಗೆ ಉಸಿರಿನೊಡನೆ ಒಳಹೋಗುವ ಧೂಳು ಒಂದು ಘನಮೀಟರು ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೋಗ್ರಾಮನ್ನು ಮೀರಕೂಡದು. ಪ್ರತಿಯೊಂದು ಕಾರಖಾನೆಯೂ ತನ್ನ ಚಿಮಣಿಯ ಹೊಗೆ ನಿಯಮದೊಳಗೇ ಇದೆಯೆಂದು ಕಾಗದ ತೋರಿಸಬಹುದು, ಮತ್ತು ಆ ಕಾಗದ ನಿಜವೂ ಆಗಿರಬಹುದು. ಆದರೆ ಹಿರೇಬಗನಾಳದ ರೈತನ ಹತ್ತಿಯ ಮೇಲೆ ಕೂಡುವ ಕರಿಧೂಳು ಇದು ಯಾವ ಚಿಮಣಿಯದೆಂದು ಹೇಳಿ ಕೂಡುವುದಿಲ್ಲ. ತೂಗತಕ್ಕದ್ದು ಹೊಸ ಕಾರಖಾನೆಯೊಂದರ ಹೊಗೆಯನ್ನಲ್ಲ, ಈಗಾಗಲೇ ಇರುವುದರ ಮೇಲೆ ಅದು ಬಂದು ಸೇರಿದಾಗಿನ ಮೊತ್ತವನ್ನು. ನೀರಿಗೂ ಇದೇ ಮಾತು. ತುಂಗಭದ್ರಾ ಜಲಾಶಯವು ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿತ್ತು; ಹೂಳು ತುಂಬಿ ಅದು 106ರ ಆಸುಪಾಸಿಗೆ ಇಳಿದಿದೆ. ಕುಗ್ಗಿದ ಕೊಡಕ್ಕೆ ಬಾಯಾರಿದವರು ಹೆಚ್ಚಿದ್ದಾರೆ.

“ಅನಿವಾರ್ಯ” ಎಂಬ ಪದವನ್ನು ಇಂಥ ವರದಿಗಳಲ್ಲಿ ಬಹು ಉದಾರವಾಗಿ ಬಳಸುವ ವಾಡಿಕೆಯಿದೆ. ಅದಿರು ಕಾಯಿಸುವಲ್ಲಿ ಹೊಗೆ ಹುಟ್ಟುವುದು ಅನಿವಾರ್ಯವೇ ಸರಿ. ಆದರೆ ಧೂಳನ್ನು ಹಿಡಿಯುವ ವಿದ್ಯುದ್ಯಂತ್ರವನ್ನು ಕರೆಂಟಿನ ಖರ್ಚುಳಿಸಲು ರಾತ್ರಿಯಲ್ಲಿ ಆರಿಸುವುದು ಅನಿವಾರ್ಯವೆ? ಲಾರಿಗೆ ತಾಡಪಾಲು ಹೊದಿಸದಿರುವುದು ಅನಿವಾರ್ಯವೆ? ಲಕ್ಷಾಂತರ ಭಕ್ತರು ಜಾತ್ರೆಗೆ ಕೂಡುವ ಪಟ್ಟಣದ ಬಾಗಿಲಲ್ಲಿಯೇ ಕುಲುಮೆ ಹೂಡುವುದು ಅನಿವಾರ್ಯವೆ? ಇವು ಪ್ರಕೃತಿಯ ನಿಯಮಗಳಲ್ಲ, ಮನುಷ್ಯನ ಆಯ್ಕೆಗಳು. ಮತ್ತೊಂದು ಮಾತು: ಲಾಭವು ಷೇರುದಾರನಿಗೂ ಖಜಾನೆಗೂ ಕೂಲಿಗಾರನಿಗೂ ಹಂಚಿಹೋಗುವಾಗ, ಕೆಮ್ಮು ಮಾತ್ರ ಗಾಳಿ ಬೀಸುವ ದಿಕ್ಕಿನ ಹಳ್ಳಿಗೆ ಪೂರ್ತಿಯಾಗಿ ಸಲ್ಲುತ್ತದೆ. ಒಬ್ಬನ ತಟ್ಟೆಯ ಲಾಭವನ್ನು ಇನ್ನೊಬ್ಬನ ತಟ್ಟೆಯ ನಷ್ಟದಲ್ಲಿ ಕಳೆದು, ಉಳಿದುದು ದೇಶಕ್ಕೆ ಹಿತವೆನ್ನುವ ಗಣಿತವು ದಾಸೋಹವನ್ನು ಬಲ್ಲವರಿಗೆ ಒಗ್ಗಲಾರದು.

ಗವಿಮಠದ ಸ್ವಾಮಿಗಳವರು 2019ರಲ್ಲಿ ಜನರನ್ನು ಕೂಡಿಸಿಕೊಂಡು ಹಿರೇಹಳ್ಳದ ಹೂಳನ್ನೂ ಮುಳ್ಳುಕಂಟಿಯನ್ನೂ ತೆಗೆಸಿದರು. 2006ರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಆಲಿಕೆಯುಂಟು. ಅಲ್ಲಿ ಇಂಗ್ಲೀಷಿನ ದಪ್ಪ ಗ್ರಂಥವು ಮೇಜಿನ ಮೇಲಿರುತ್ತದೆ, ರೈತನು ಹಿಂದಿನ ಸಾಲಿನಲ್ಲಿರುತ್ತಾನೆ. ಹಳ್ಳ ತೋಡಲು ಗುದ್ದಲಿ ಹಿಡಿದು ಬಂದವರಿಗೆ ಆ ಗ್ರಂಥವನ್ನು ಕನ್ನಡದಲ್ಲಿ ಓದಿಹೇಳುವ ಕೆಲಸವನ್ನು ಮಠಗಳ ವಿದ್ಯಾಲಯಗಳು ವಹಿಸಿಕೊಳ್ಳಬಹುದು. ಲಾರಿಗಳೆಷ್ಟು, ನೀರೆಷ್ಟು, ಬೂದಿಯೆಲ್ಲಿಗೆ, ಗಾಳಿಯ ದಿಕ್ಕಾವುದು, ಊರಿನವರಿಗೆ ಕಾಯಮ್ಮಾದ ಕೆಲಸವೆಷ್ಟು, ಈ ಐದಕ್ಕೆ ಅಂಕಿಯಲ್ಲಿ ಉತ್ತರ ಸಿಕ್ಕುವ ತನಕ ಆಲಿಕೆಯನ್ನು ಮುಗಿಸಗೊಡದಿದ್ದರೆ ತಪ್ಪಿಲ್ಲ.